ಕೋಲಾರದಲ್ಲಿ ಅಮ್ಮನಿಗೆ ಹಿರಿಯರ ಮನೆಯೋ, ಮನೆಯಲ್ಲೇ ಜನ ಇಟ್ಟುಕೊಳ್ಳೋದೋ? ತಿಂಗಳ ಲೆಕ್ಕ ಬೇಕು

ಗಡಿಯಾರಗೋಪುರ (ಪ್ರಶ್ನೆ)

ಅಮ್ಮನಿಗೆ 74. ಕೋಲಾರ ಟೌನಿನಲ್ಲಿ ಸ್ವಂತ ಮನೆ, ಒಬ್ಬರೇ ಇರುವುದು. ಸೊಂಟದ ಮೂಳೆ ಮುರಿದು ಕೀಲಿನ ಬಾಲ್ (ಗುಂಡು) ಬದಲಾಯಿಸಿ ಎರಡು ತಿಂಗಳಾಗಿದೆ, ವಾಕರ್ ಹಿಡಿದು ನಡೆಯುತ್ತಾರೆ. ಸ್ನಾನಕ್ಕೆ ಜೊತೆಗೊಬ್ಬರು ಬೇಕು. ಆಪರೇಷನ್ ಆದಮೇಲೆ ಮರೆವು ಜಾಸ್ತಿಯಾಗಿದೆ, ಗ್ಯಾಸ್ ಆರಿಸುವುದು ಮರೆಯುತ್ತಾರೆ. ನಾನು, ತಮ್ಮ ಇಬ್ಬರೂ ಬೆಂಗಳೂರಲ್ಲಿ.

ಬರುವ ದುಡ್ಡು: ಫ್ಯಾಮಿಲಿ ಪೆನ್ಷನ್ 19,000. ಬ್ಯಾಂಕಲ್ಲಿ ಎಫ್‌ಡಿ 18 ಲಕ್ಷ. ಮನೆ ಬಾಡಿಗೆಗೆ ಕೊಟ್ಟರೆ 8,000 ಬರಬಹುದು. ರೇಷನ್ ಕಾರ್ಡ್ ಎಪಿಎಲ್.

ನರಸಾಪುರದ ಕಡೆ ಒಂದು ಖಾಸಗಿ ಹಿರಿಯರ ಮನೆಯಲ್ಲಿ ತಿಂಗಳಿಗೆ 22,000, ಡೆಪಾಸಿಟ್ 1 ಲಕ್ಷ ಹೇಳಿದ್ದಾರೆ. ಹೋಂ ನರ್ಸ್ ಏಜೆನ್ಸಿಯವರು 24 ಗಂಟೆಗೆ 26,000 ಕೇಳುತ್ತಿದ್ದಾರೆ. ಮೇಲ್ನೋಟಕ್ಕೆ ಹಿರಿಯರ ಮನೆಯೇ ಅಗ್ಗ ಅನಿಸುತ್ತಿದೆ. ನಿಜವಾಗಿ ಎಷ್ಟು ಬೀಳುತ್ತದೆ, ಸರ್ಕಾರದಿಂದ ಏನಾದರೂ ಸಿಗುತ್ತದಾ, ತಿಳಿದವರು ಹೇಳಿ.

ಲೆಡ್ಜರ್

ಅಕ್ಕ, 22,000 ಅನ್ನುವುದು ಬಾಗಿಲಿನ ದರ. ಒಳಗೆ ಹೋದಮೇಲೆ ಬರುವ ಬಿಲ್ ಬೇರೆ.

ಮೊದಲು ಜಿಎಸ್‌ಟಿ ಕೇಳಿ. ಟ್ರಸ್ಟ್ ನಡೆಸುವ ಮನೆಯಾಗಿದ್ದು, ಅದಕ್ಕೆ ಆದಾಯ ತೆರಿಗೆಯ ಚಾರಿಟಬಲ್ ನೋಂದಣಿ (12ಎಎ / 12ಎಬಿ) ಇದ್ದು, ಊಟ, ವಸತಿ, ನಿರ್ವಹಣೆ ಎಲ್ಲ ಸೇರಿ ಒಬ್ಬರಿಗೆ ತಿಂಗಳಿಗೆ 25,000 ದಾಟದಿದ್ದರೆ ಜಿಎಸ್‌ಟಿ ಇಲ್ಲ. ಲಾಭಕ್ಕೆ ನಡೆಸುವ ಖಾಸಗಿ ಮನೆಗೆ ಈ ವಿನಾಯಿತಿ ಇಲ್ಲ, 18% ಬೀಳುತ್ತದೆ. ಅಂದರೆ 22,000ಕ್ಕೆ 3,960 ಸೇರಿ 25,960. ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಅವರು ನೋಂದಣಿ ಮಾಡಿಸಬೇಕಿಲ್ಲ, ಆಗ ನಿಮ್ಮಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗೂ ಇಲ್ಲ. ಹತ್ತು ಜನ ಇದ್ದರೇ 26 ಲಕ್ಷ ದಾಟುತ್ತದೆ, ಹಾಗಾಗಿ ಸಾಮಾನ್ಯವಾಗಿ ಬೀಳುತ್ತದೆ ಅಂತಲೇ ಇಟ್ಟುಕೊಳ್ಳಿ. ಬಿಲ್‌ನಲ್ಲಿ ಜಿಎಸ್‌ಟಿ ನಂಬರ್ ಇಲ್ಲದೆ 18% ಹಾಕಿದ್ದರೆ ಕೊಡಬೇಡಿ.

ಆಮೇಲೆ ಮೇಲುಖರ್ಚು. ಮಾತ್ರೆ, ಫಿಸಿಯೋ, ಡಾಕ್ಟರ್ ಬಂದರೆ ಅವರ ಫೀಸು, ಡೈಪರ್ ಇವೆಲ್ಲ ಹೆಚ್ಚಿನ ಕಡೆ ಪ್ರತ್ಯೇಕ. ಡೈಪರ್ ಈಗ ಬೇಡದಿರಬಹುದು. ಬೇಕಾದಾಗ ದಿನಕ್ಕೆ 3, ಒಂದಕ್ಕೆ 40 ಅಂತ ಹಿಡಿದರೂ ತಿಂಗಳಿಗೆ 3,600. ವಾರಕ್ಕೆ ಮೂರು ಸಲ ಫಿಸಿಯೋ, ಸಲಕ್ಕೆ 400 ಅಂದರೆ 4,800. ಈ ಎರಡೇ ಸೇರಿ 8,400 ಆಯಿತು. ಮಾತ್ರೆಗೆ ಜನೌಷಧಿ ಅಂಗಡಿಯಲ್ಲಿ ತಂದು ಕೊಡಲು ಬಿಡುತ್ತಾರಾ, ಅಥವಾ ಅವರ ಮೆಡಿಕಲ್ ಸ್ಟೋರ್‌ನಿಂದಲೇ ತರಬೇಕಾ, ಕೇಳಿ. ಬಿಪಿ, ಶುಗರ್ ಮಾತ್ರೆಯಲ್ಲಿ ಇದರಿಂದಲೇ ದೊಡ್ಡ ವ್ಯತ್ಯಾಸ ಬರುತ್ತದೆ.

ಇನ್ನೊಂದು ವರ್ಷದ ಏರಿಕೆ. ಒಪ್ಪಂದದಲ್ಲಿ 10% ಅಂತ ಇದ್ದರೆ 22,000 ಎರಡನೇ ವರ್ಷ 24,200, ಮೂರನೇ ವರ್ಷ 26,620, ನಾಲ್ಕನೇ ವರ್ಷ 29,282. ಅಷ್ಟು ಹೊತ್ತಿಗೆ ಟ್ರಸ್ಟ್ ಮನೆಯಾದರೂ 25,000ದ ಮಿತಿ ದಾಟಿ ಜಿಎಸ್‌ಟಿಯೂ ಶುರುವಾಗುತ್ತದೆ. ಎಲ್ಲರೂ ಇವತ್ತಿನ ದರ ನೋಡಿ ಸೇರಿಸುತ್ತಾರೆ. ಕುತ್ತಿಗೆಗೆ ಬರುವುದು ನಾಲ್ಕನೇ ವರ್ಷ.

ಈಗ ಬರುವ ಕಡೆ. 18 ಲಕ್ಷದಲ್ಲಿ 3 ಲಕ್ಷ ಬೇಕೆಂದಾಗ ತೆಗೆಯುವ ಎಫ್‌ಡಿಯಲ್ಲೇ ಇರಲಿ, ಆಸ್ಪತ್ರೆ ಖರ್ಚಿಗೆ. ಉಳಿದ 15 ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ, ಪೋಸ್ಟ್ ಆಫೀಸಿನಲ್ಲೂ ಬ್ಯಾಂಕಿನಲ್ಲೂ ಇದೆ. 2023ರ ಏಪ್ರಿಲ್‌ನಿಂದ ಬಡ್ಡಿ 8.2%, ಮಿತಿ 30 ಲಕ್ಷ, ಅವಧಿ 5 ವರ್ಷ. ಖಾತೆ ತೆರೆದ ದಿನದ ದರವೇ ಕೊನೆಯವರೆಗೆ. 15 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 30,750 ಬರುತ್ತದೆ, ತಿಂಗಳಿಗೆ ಹಂಚಿದರೆ 10,250. ಬಡ್ಡಿ ಬೀಳುವುದು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಒಂದನೇ ತಾರೀಖು. ಆದ್ದರಿಂದ ಮೊದಲ ಮೂರು ತಿಂಗಳ ಫೀಸು ಕೈಯಲ್ಲಿ ಇರಬೇಕು. ವರ್ಷ ತುಂಬುವ ಮುಂಚೆ ಮುರಿದರೆ ಬಂದ ಬಡ್ಡಿಯನ್ನೂ ಹಿಂದಕ್ಕೆ ಹಿಡಿಯುತ್ತಾರೆ, ಎರಡು ವರ್ಷದೊಳಗೆ 1.5%, ಆಮೇಲೆ 1% ಕಡಿತ. 18 ಲಕ್ಷ ಪೂರ್ತಿ ಹಾಕಬೇಡಿ ಅಂದದ್ದು ಇದಕ್ಕೇ.

ವರ್ಷದ ಬಡ್ಡಿ 1,23,000 ಆಗುತ್ತದೆ. ಹಿರಿಯರಿಗೆ ಬಡ್ಡಿ 1 ಲಕ್ಷ ದಾಟಿದರೆ ಟಿಡಿಎಸ್ ಹಿಡಿಯುತ್ತಾರೆ. ತೆರಿಗೆ ಬೀಳುವಷ್ಟು ಆದಾಯ ಅಮ್ಮನಿಗೆ ಇಲ್ಲ, ಅದಕ್ಕೆ ಏಪ್ರಿಲ್‌ನಲ್ಲೇ ಘೋಷಣಾ ಫಾರಂ (ಇಷ್ಟು ದಿನ 15ಎಚ್ ಅಂತಿದ್ದದ್ದು) ಕೊಟ್ಟುಬಿಡಿ.

ಒಟ್ಟು: 19,000 + 10,250 + 8,000 = 37,250. ಹಿರಿಯರ ಮನೆಗೆ 25,960, ಮಾತ್ರೆ, ಫಿಸಿಯೋ ಸೇರಿ 33,000 ಆಸುಪಾಸು. ಇವತ್ತಿಗೆ ಸರಿಹೋಗುತ್ತದೆ. ಡೈಪರ್ ಬಂದ ತಿಂಗಳಿಂದ ಕೈ ಕಚ್ಚುತ್ತದೆ.

ಏಜೆನ್ಸಿ ಲೆಕ್ಕ: 26,000, ಜೊತೆಗೆ ಅವರ ಊಟ, ಅಮ್ಮನ ದಿನಸಿ, ಕರೆಂಟು. ಬಾಡಿಗೆ 8,000 ಬರುವುದಿಲ್ಲ, ಅದನ್ನೂ ಖರ್ಚು ಅಂತಲೇ ಬರೆಯಿರಿ. ಮನೆಯಲ್ಲಿಟ್ಟುಕೊಂಡರೆ ಅಗ್ಗ ಅನ್ನುವವರು ಈ ಸಾಲನ್ನು ಯಾವತ್ತೂ ಬರೆಯುವುದಿಲ್ಲ.

ವಾರ್ಡ್ ಸಿಸ್ಟರ್

ಲೆಕ್ಕ ಸರಿ. ಆದರೆ ಮರೆವು ಏನು ಅಂತ ಗೊತ್ತಾಗುವ ಮುಂಚೆ ಡೆಪಾಸಿಟ್ ಕಟ್ಟಬೇಡಿ.

ಈ ವಯಸ್ಸಿನಲ್ಲಿ ಮೂಳೆ ಆಪರೇಷನ್ ಆದಮೇಲೆ ಗೊಂದಲ, ಮರೆವು ಬರುವುದು ಬಹಳ ಸಾಮಾನ್ಯ, ಎಷ್ಟೋ ಜನಕ್ಕೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಸರಿಮಾಡಬಹುದಾದ ಕಾರಣಗಳನ್ನು ಮೊದಲು ನೋಡಿಸಿ: ರಕ್ತದಲ್ಲಿ ಸೋಡಿಯಂ, ಬಿ12, ಥೈರಾಯ್ಡ್ (ಟಿಎಸ್‌ಎಚ್), ಶುಗರ್, ಮೂತ್ರದ ಸೋಂಕು. ಬಿಪಿಗೆ ನೀರು ಹೋಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಸೋಡಿಯಂ ಇಳಿದಿರುವುದು ಸಾಮಾನ್ಯ. ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆಯಿಂದಲೂ ಮಂಕು ಕವಿಯುತ್ತದೆ. ಎಲ್ಲ ಮಾತ್ರೆಯ ಪಟ್ಟಿ ಅಲ್ಲ, ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ.

ಎಲ್ಲಿಗೆ ಅಂದರೆ ಜಿಲ್ಲಾ ಆಸ್ಪತ್ರೆಯಾದ ಎಸ್‌ಎನ್‌ಆರ್ ಆಸ್ಪತ್ರೆಗೇ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರುಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮ (ಕಭಿ) ಪ್ರಾಯೋಗಿಕವಾಗಿ ಮೊದಲು ಬಂದ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇವೆ. ಮರೆವು, ಪಾರ್ಶ್ವವಾಯು, ಮೂರ್ಛೆ, ತಲೆನೋವು ನೋಡುವ ಬ್ರೈನ್ ಹೆಲ್ತ್ ಕ್ಲಿನಿಕ್ ಅದರದ್ದೇ. ಹೋಗುವ ಮುಂಚೆ ಕ್ಲಿನಿಕ್ ಯಾವ ದಿನ ಅಂತ ಕೇಳಿಕೊಳ್ಳಿ. ದಿನಾ ಜೊತೆಗಿರುವವರೊಬ್ಬರು ಹೋಗಬೇಕು. ಗ್ಯಾಸ್ ಮರೆಯುವುದು ಯಾವಾಗಿಂದ, ದಾರಿ ತಪ್ಪುತ್ತಾರಾ, ದುಡ್ಡು ಎಣಿಸುತ್ತಾರಾ ಅಂತ ಕೇಳುತ್ತಾರೆ, ಅಮ್ಮನೊಬ್ಬರೇ ಹೋದರೆ "ಎಲ್ಲ ಚೆನ್ನಾಗಿದೆ ಡಾಕ್ಟ್ರೇ" ಅಂದುಬಿಡುತ್ತಾರೆ.

ಸೊಂಟದ ವಿಷಯ: ಬಾಲ್ ಬದಲಾಯಿಸಿದವರು ತಗ್ಗಾದ ಕಡೆ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಇಂಡಿಯನ್ ಟಾಯ್ಲೆಟ್ ಮುಟ್ಟಲೇಬಾರದು. ಕೂತಾಗ ಮಂಡಿ ಸೊಂಟಕ್ಕಿಂತ ಕೆಳಗಿರಬೇಕು. ಇಲ್ಲವಾದರೆ ಬಾಲ್ ಜಾರುತ್ತದೆ. ಕಮೋಡ್ ಇದ್ದರೂ ತಗ್ಗಾಗಿದ್ದರೆ ಮೇಲೆ 4ರಿಂದ 6 ಇಂಚಿನ ರೈಸರ್ ಕೂರಿಸಿ.

ಬಾತ್‌ರೂಂ ಹಿಡಿಕೆ ನೆಲದಿಂದ 33ರಿಂದ 36 ಇಂಚು ಎತ್ತರ, ಕಮೋಡಿನ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು. ಗೋಡೆ ಹಾಲೋ ಬ್ಲಾಕ್‌ನದಾದರೆ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ನಿಲ್ಲುವುದಿಲ್ಲ, ಭಾರ ಬಿದ್ದ ದಿನ ಹಿಡಿಕೆ ಸಮೇತ ಕಿತ್ತು ಬರುತ್ತದೆ. ಆ ಜಾಗದ ಪೊಳ್ಳಿಗೆ ಕಾಂಕ್ರೀಟ್ ತುಂಬಿಸಿ ಆಂಕರ್ ಬೋಲ್ಟ್ ಹಾಕಿಸಿ. ಟವೆಲ್ ರಾಡನ್ನು ಹಿಡಿಕೆ ಅಂದುಕೊಳ್ಳಬೇಡಿ. ಹೊಸ್ತಿಲಿಗೆ ಇಳಿಜಾರು ಮಾಡಿಸುವುದಾದರೆ ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ, 6 ಇಂಚಿನ ಮೆಟ್ಟಿಲಿಗೆ 6 ಅಡಿ.

ಗ್ಯಾಸ್‌ಗೆ ಬದಲು ಇಂಡಕ್ಷನ್ ಇಟ್ಟು ನೋಡಿ, ಟೈಮರ್ ಇರುವುದು. ಬಳಸೋದು ಕಲಿಯಲಾಗದಿದ್ದರೆ ಅದೂ ಡಾಕ್ಟರಿಗೆ ಹೇಳಬೇಕಾದ ವಿಷಯವೇ.

ಕೆಂಪುಮಣ್ಣು

ಹಗಲಿಗೆ ಜನ ಸಿಗುತ್ತಾರೆ, ದುಡ್ಡು ಹೋಗುವುದು ರಾತ್ರಿಗೆ. ರಾತ್ರಿ ಅಮ್ಮ ಎಷ್ಟು ಸಲ ಏಳುತ್ತಾರೆ, ಎದ್ದು ತಾವೇ ಬಾತ್‌ರೂಂಗೆ ಹೋಗಿಬರುತ್ತಾರಾ, ಬಾಗಿಲು ತೆಗೆದು ಹೊರಗೆ ಹೋಗುತ್ತಾರಾ? ಒಂದು ವಾರ ಯಾರಾದರೂ ಪಕ್ಕದಲ್ಲಿ ಮಲಗಿ ನೋಡಿ ಬರೆದಿಡಿ.

ಒಂದು ಸಲ ಎದ್ದು ಹೋಗಿ ಬಂದು ಮಲಗುತ್ತಾರೆ ಅಂದರೆ 24 ಗಂಟೆಯ ಏಜೆನ್ಸಿಯೂ ಬೇಡ, ಹಿರಿಯರ ಮನೆಯೂ ಬೇಡ. ಬೆಳಿಗ್ಗೆ ಸ್ನಾನ, ತಿಂಡಿಗೆ ಒಬ್ಬರು, ರಾತ್ರಿ ಬಂದು ಮಲಗುವವರೊಬ್ಬರು ಸಾಕು. ಕೋಲಾರದಲ್ಲಿ ಬೀದಿಯಲ್ಲೇ ಕೇಳಿದರೆ ಗಂಡ ಇಲ್ಲದ, ಮಕ್ಕಳು ದೊಡ್ಡವರಾದ ಹೆಂಗಸರು ಸಿಗುತ್ತಾರೆ, ಏಜೆನ್ಸಿ ದರದ ಅರ್ಧಕ್ಕೆ ಕೆಲಸ ಆಗುತ್ತದೆ. ಮೂರ್ನಾಲ್ಕು ಸಲ ಎದ್ದು ಓಡಾಡುತ್ತಾರೆ ಅಂದರೆ ಏಜೆನ್ಸಿಯ ಒಬ್ಬರಿಂದ ಆಗುವುದೇ ಇಲ್ಲ. ‘24 ಗಂಟೆ’ ಅಂದರೆ ಮನೆಯಲ್ಲಿ ಇರುತ್ತಾರೆ ಅಂತ ಅರ್ಥ, ಎಚ್ಚರ ಇರುತ್ತಾರೆ ಅಂತಲ್ಲ. ಎರಡನೇ ವಾರಕ್ಕೆ ನಿದ್ದೆಗೆಟ್ಟು ಕೆಲಸ ಬಿಟ್ಟು ಹೋಗುತ್ತಾರೆ, ಅವರದ್ದೂ ತಪ್ಪಲ್ಲ. ರಾತ್ರಿ ಪಾಳಿಗೆ ಎಚ್ಚರ ಇರುವ ಸಿಬ್ಬಂದಿ ಇರುವ ಹಿರಿಯರ ಮನೆ ಆಗ ನಿಜಕ್ಕೂ ಅಗ್ಗ.

ಏಜೆನ್ಸಿಗೆ ಕೇಳಬೇಕಾದ್ದು: ಬರುವವರು ನರ್ಸಿಂಗ್ ಓದಿದವರಾ, ಬರೀ ಸಹಾಯಕರಾ? ಇಬ್ಬರನ್ನೂ ‘ಹೋಂ ನರ್ಸ್’ ಅಂತಲೇ ಕಳಿಸುತ್ತಾರೆ. ಇನ್ಸುಲಿನ್ ಕೊಡಬೇಕಿದ್ದರೆ ಈ ವ್ಯತ್ಯಾಸ ಬೇಕೇ ಬೇಕು. ಯುಗಾದಿ, ಸಂಕ್ರಾಂತಿಗೆ ಊರಿಗೆ ಹೋದರೆ ಬದಲಿ ಯಾರು, ಎಷ್ಟು ದಿನದಲ್ಲಿ? ಪೊಲೀಸ್ ವೆರಿಫಿಕೇಷನ್ ಪತ್ರ ಇದೆಯಾ? ಭಾಷೆ ಯಾವುದು? ಇದನ್ನು ಯಾರೂ ಕೇಳುವುದಿಲ್ಲ. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಆಡಿಕೊಂಡು ಬಂದವರಿಗೆ ಮರೆವು ಜಾಸ್ತಿಯಾದಾಗ ಆಮೇಲೆ ಕಲಿತ ಭಾಷೆ ಮೊದಲು ಕೈಕೊಡಬಹುದು. ಹಿಂದಿ ಮಾತ್ರ ಬರುವವರನ್ನು ಅಂಥವರ ಜೊತೆ ಬಿಟ್ಟರೆ ಇಬ್ಬರೂ ಮೂಕರಾಗುತ್ತಾರೆ.

ಹಿರಿಯರ ಮನೆ ನೋಡಲು ಭಾನುವಾರ ಬೆಳಿಗ್ಗೆ ಹೋಗಬೇಡಿ, ಆಗ ಎಲ್ಲ ಕಡೆ ಚೆನ್ನಾಗಿಯೇ ಇರುತ್ತದೆ. ವಾರದ ದಿನ ಸಂಜೆ ಊಟದ ಹೊತ್ತಿಗೆ ಹೋಗಿ. ಎಷ್ಟು ಜನಕ್ಕೆ ಕೈಯಾರೆ ತಿನ್ನಿಸುತ್ತಿದ್ದಾರೆ, ಎಷ್ಟು ಜನ ತಟ್ಟೆ ಮುಂದೆ ಸುಮ್ಮನೆ ಕೂತಿದ್ದಾರೆ ನೋಡಿ. ಹಾಸಿಗೆ ಪಕ್ಕದ ಬೆಲ್ ಒತ್ತಿ ಎಷ್ಟು ಹೊತ್ತಿಗೆ ಬರುತ್ತಾರೆ ನೋಡಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನಕ್ಕೆ ಒಬ್ಬರು ಅಂತ ಕೇಳಿ, ಆಮೇಲೆ ಅದೇ ಪ್ರಶ್ನೆಯನ್ನು ಅಲ್ಲಿನ ಆಯಾಗೆ ಕೇಳಿ. ಎರಡು ಉತ್ತರ ಬಂದರೆ ಎರಡನೆಯದನ್ನು ನಂಬಿ.

ನಮ್ಮ ಜಿಲ್ಲೆಗೆ ಸೇರಿದ ಇನ್ನೊಂದು ಪ್ರಶ್ನೆ: ಅಡುಗೆಗೆ ಯಾವ ನೀರು? ಕೋಲಾರದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು, ಕುಡಿಯಲು ಕ್ಯಾನ್ ನೀರು ಇಡುತ್ತಾರೆ. ಆದರೆ ಅನ್ನ, ಸಾರು, ಮುದ್ದೆ ಎಲ್ಲ ಬೋರ್ ನೀರಿನಲ್ಲೇ ಆಗಿರುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಅಡುಗೆಮನೆ ನಲ್ಲಿಗೂ ಆರ್‌ಒ ಲೈನ್ ಇದೆಯಾ ನೋಡಿ.

ಗಡಿಯಾರಗೋಪುರ

ತುಂಬಾ ಉಪಕಾರ. ಎರಡು ವಿಷಯ ಬಿಟ್ಟಿದ್ದೆ. ಸಂಧ್ಯಾ ಸುರಕ್ಷಾ ಅಮ್ಮನಿಗೆ ಬರುತ್ತದಾ? ಇನ್ನೊಂದು, ಮನೆಯನ್ನು ಈಗಲೇ ನಮ್ಮಿಬ್ಬರ ಹೆಸರಿಗೆ ದಾನಪತ್ರ ಮಾಡಿಸಿಬಿಟ್ಟರೆ ಬಾಡಿಗೆ, ಖಾತೆ, ಕಂದಾಯ ಎಲ್ಲ ಸುಲಭ ಅಂತ ತಮ್ಮ ಹೇಳುತ್ತಿದ್ದಾನೆ.

ಪಹಣಿ

ಸಂಧ್ಯಾ ಸುರಕ್ಷಾ ಬರುವುದಿಲ್ಲ. ಅದು 65 ದಾಟಿದ, ಆದಾಯ ಮಿತಿಯೊಳಗಿರುವ ಸಣ್ಣ ರೈತರು, ಕೂಲಿಯವರು, ನೇಕಾರರು, ಅಸಂಘಟಿತ ಕೆಲಸಗಾರರಿಗೆ, ತಿಂಗಳಿಗೆ 1,200. ಬೇರೆ ಪಿಂಚಣಿ ಬರುವವರಿಗೆ ಇಲ್ಲ. ಅರ್ಹರು ಯಾರಾದರೂ ಓದುತ್ತಿದ್ದರೆ ಅರ್ಜಿ ನಾಡಕಚೇರಿಯಲ್ಲಿ. ಸರ್ಕಾರದ ಅನುದಾನದಲ್ಲಿ ನಡೆಯುವ ವೃದ್ಧಾಶ್ರಮಗಳೂ ನಿರ್ಗತಿಕ ಹಿರಿಯರಿಗೆ, ಉಚಿತ. ವಾಕರ್, ವೀಲ್‌ಚೇರ್, ಕಿವಿಯಂತ್ರ ಕೊಡುವ ರಾಷ್ಟ್ರೀಯ ವಯೋಶ್ರೀಗೆ ಬಿಪಿಎಲ್ ಕಾರ್ಡ್ ಅಥವಾ ತಿಂಗಳ ಆದಾಯ 15,000ದೊಳಗೆ ಇರಬೇಕು. ಅಮ್ಮನ ಪೆನ್ಷನ್ 19,000, ಅದೂ ಇಲ್ಲ.

ಅಮ್ಮನಿಗೆ ಆಗುವುದು ಇಷ್ಟು. ಒಂದು, ಸೇವಾ ಸಿಂಧುನಲ್ಲಿ ಹಿರಿಯ ನಾಗರಿಕರ ಗುರುತಿನ ಚೀಟಿ. ಎರಡು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30% ಸರ್ಕಾರ ಕೊಡುತ್ತದೆ, ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದವರೆಗೆ. ಹೆಚ್ಚಿನ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬರೆಸಿಕೊಳ್ಳಬೇಕು, ತುರ್ತು ಚಿಕಿತ್ಸೆಗಳಿಗೆ ಬೇಡ. ನೇರ ಖಾಸಗಿಗೆ ಹೋಗಿ ಆಮೇಲೆ ಕಾರ್ಡ್ ತೋರಿಸಿದರೆ ಆಗುವುದಿಲ್ಲ. ಮೂರು, ಆಧಾರ್ ಪ್ರಕಾರ 70 ದಾಟಿರುವುದರಿಂದ ಕೇಂದ್ರದ ವಯ ವಂದನಾ ಕಾರ್ಡ್, 2024ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ವರ್ಷಕ್ಕೆ 5 ಲಕ್ಷ, ಆದಾಯದ ಮಿತಿ ಇಲ್ಲ. ಆದರೆ ಯಾವ ಆಸ್ಪತ್ರೆಗೇ ಆಗಲಿ, ಟಮಕದ ಮೆಡಿಕಲ್ ಕಾಲೇಜಿಗೇ ಆಗಲಿ, ಅಡ್ಮಿಟ್ ಮಾಡುವ ಮುಂಚೆ ಆರೋಗ್ಯಮಿತ್ರರ (ಈ ಯೋಜನೆಗಳ ಸಹಾಯಕರು) ಕೌಂಟರಿನಲ್ಲಿ "ಈ ಕಾರ್ಡ್, ಈ ಚಿಕಿತ್ಸೆಗೆ ಇಲ್ಲಿ ನಡೆಯುತ್ತದಾ" ಅಂತ ಕೇಳಿಕೊಂಡೇ ಮುಂದುವರಿಯಿರಿ.

ದಾನಪತ್ರ ಬೇಡ. ಮಕ್ಕಳ ಹೆಸರಿಗೆ ದಾನ ಮಾಡಲು ಮುದ್ರಾಂಕ ಶುಲ್ಕ ಕೆಲವೇ ಸಾವಿರ, ಅದಕ್ಕೇ ಜನ ಯೋಚಿಸದೆ ಮಾಡಿಸುತ್ತಾರೆ. ಮಾಡಿಸಿದ ದಿನದಿಂದ ಬಾಡಿಗೆ ಅಮ್ಮನದಲ್ಲ, ನಿಮ್ಮದು. ಲೆಡ್ಜರ್ ಅವರು ಬರೆದ 37,250ರಲ್ಲಿ 8,000 ಆಗ ನಿಮ್ಮಿಬ್ಬರ ಮರ್ಜಿಯ ಮೇಲೆ ನಿಂತಿರುತ್ತದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಆ ಷರತ್ತು ಇತ್ತು ಅಂತ ತೋರಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಪ್ರೀತಿ ವಿಶ್ವಾಸದಿಂದ’ ಅಂತ ಮಾತ್ರ ಬರೆದ ಪತ್ರ ಅಲ್ಲಿ ಸೊರಗುತ್ತದೆ. ಕೊಡಲೇಬೇಕು ಅಂದರೆ ಆ ಷರತ್ತನ್ನೂ, ಬದುಕಿರುವವರೆಗೆ ವಾಸ ಮತ್ತು ಬಾಡಿಗೆಯ ಹಕ್ಕು ಅಮ್ಮನದೇ ಅನ್ನುವುದನ್ನೂ ಪತ್ರದಲ್ಲೇ ಬರೆಸಿ. ನನ್ನ ಕೇಳಿದರೆ ವಿಲ್ ಸಾಕು.

ಜೀವನಾಂಶದ ವಿಷಯ ಬಂದರೆ ಅದೇ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿಯವರ ಮುಂದೆ ಅರ್ಜಿ, ತಿಂಗಳಿಗೆ 10,000ದವರೆಗೆ. ವಕೀಲರಿಲ್ಲದೆ ಹಿರಿಯರೇ ಕೊಡಬಹುದು.

ಇದಕ್ಕಿಂತ ಅವಸರದ್ದು ಸಹಿಯ ವಿಷಯ. ಪವರ್ ಆಫ್ ಅಟಾರ್ನಿ ಮಾಡಿಸಿಟ್ಟರೆ ಮರೆವು ಪೂರ್ತಿ ಬಂದಮೇಲೂ ನಡೆಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ನಡೆಯುವುದಿಲ್ಲ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಕಾನೂನಿನ ಪ್ರಕಾರ ಅದು ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಅಮ್ಮ ಸ್ಪಷ್ಟವಾಗಿರುವಾಗಲೇ 3 ಲಕ್ಷದ ಎಫ್‌ಡಿಗೆ ನಿಮ್ಮ ಹೆಸರನ್ನು ಇಬ್ಬರಲ್ಲಿ ಯಾರಾದರೂ ತೆಗೆಯುವ ಹಾಗೆ ಸೇರಿಸಿ. ಹಿರಿಯ ನಾಗರಿಕರ ಉಳಿತಾಯ ಖಾತೆಗೆ ಗಂಡ-ಹೆಂಡತಿ ಬಿಟ್ಟು ಬೇರೆಯವರನ್ನು ಜಂಟಿಯಾಗಿ ಸೇರಿಸಲು ಆಗುವುದಿಲ್ಲ, ನಾಮಿನಿ ಬರೆಸಿ. ಪೆನ್ಷನ್ ಖಾತೆಯಿಂದ ಫೀಸು ಹೋಗುವ ಹಾಗೆ ಬ್ಯಾಂಕಿಗೆ ತಿಂಗಳ ಸ್ಥಾಯಿ ಸೂಚನೆ ಬರೆಸಿಕೊಡಿ.

ಲೈಫ್ ಸರ್ಟಿಫಿಕೇಟ್ ಮರೆತರೆ ಪೆನ್ಷನ್ ನಿಲ್ಲುತ್ತದೆ. ಅಮ್ಮ ಬ್ಯಾಂಕಿಗೆ ಹೋಗಬೇಕಿಲ್ಲ. ಪೋಸ್ಟ್‌ಮನ್ ಮನೆಗೇ ಬಂದು ಡಿಜಿಟಲ್ ಆಗಿ ಮಾಡುತ್ತಾರೆ, 70 ರೂಪಾಯಿ. ಬೆರಳಚ್ಚು ಸವೆದಿದ್ದರೆ ಫೋನಿನಲ್ಲಿ ಮುಖ ತೋರಿಸಿಯೂ ಆಗುತ್ತದೆ.

ಬಂಗಾರಪೇಟೆ ಪ್ಯಾಸೆಂಜರ್

ಚಿಕ್ಕದೊಂದು: 14567 ಹಿರಿಯರ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8, ಉಚಿತ. ಹಿರಿಯರ ಮನೆಗಳ ಮಾಹಿತಿ, ಪಿಂಚಣಿ ತೊಡಕು, ಕಿರುಕುಳ ಯಾವುದಕ್ಕೂ ಕರೆ ಮಾಡಬಹುದು. ಗಾಳಿ ಹಾಸಿಗೆ (ಬೆನ್ನು ಹುಣ್ಣು ಆಗದ ಹಾಗೆ ಹಾಕುವುದು) ತರುವ ದಿನ ಬಂದರೆ ಅದರ ಪಂಪನ್ನು ಯುಪಿಎಸ್‌ಗೆ ಕೊಡಿ. ಕರೆಂಟ್ ಹೋದರೆ ಗಾಳಿ ಇಳಿದು ಮಂಚದ ಹಲಗೆ ತಾಗುತ್ತದೆ. ಹಾಸಿಗೆ ಇದೆ ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಬಿಡುವ ಹಾಗೂ ಇಲ್ಲ.

ಗಡಿಯಾರಗೋಪುರ

ದಾನಪತ್ರ ಕೈಬಿಟ್ಟೆವು. ಮೊದಲು ಎಸ್‌ಎನ್‌ಆರ್, ಆಮೇಲೆ ರಾತ್ರಿಯ ಪಟ್ಟಿ. ಒಂದು ವೇಳೆ ಹಿರಿಯರ ಮನೆಗೇ ಸೇರಿಸುವುದಾದರೆ ಒಪ್ಪಂದದಲ್ಲಿ ಏನೇನು ಬರೆಸಬೇಕು?

ಲೆಡ್ಜರ್

ಮೊದಲು ಡೆಪಾಸಿಟ್ ಇಲ್ಲದೆ 15 ದಿನ ಅಥವಾ ಒಂದು ತಿಂಗಳು ಇರಿಸಿ ನೋಡುತ್ತೇವೆ ಅನ್ನಿ. ಒಪ್ಪದವರ ಹತ್ತಿರ ಮಾತು ಮುಂದುವರಿಸಬೇಡಿ.

ಬರೆಸಬೇಕಾದ್ದರಲ್ಲಿ ಮುಖ್ಯ, ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತಾರಾ, ಆಗಿನ ದರ ಎಷ್ಟು. "ಆಗ ನೋಡೋಣ ಬಿಡಿ ಮೇಡಂ" ಅಂದರೆ ಅವತ್ತು ಕರೆದುಕೊಂಡು ಹೋಗಿ ಅನ್ನುತ್ತಾರೆ ಅಂತಲೇ ತಿಳಿಯಿರಿ. ಸ್ನಾನ, ಬಟ್ಟೆ, ಶೌಚ, ಮಂಚದಿಂದ ಕುರ್ಚಿಗೆ ಏಳುವುದು, ಮಲಮೂತ್ರದ ಹಿಡಿತ, ಊಟ, ಈ ಆರರಲ್ಲಿ ಎಷ್ಟಕ್ಕೆ ಸಹಾಯ ಬೇಕು ಅನ್ನುವುದರ ಮೇಲೆ ದರದ ಹಂತ ಬರೆಸಿ. ಅಮ್ಮನಿಗೆ ಈಗ ಒಂದು, ಸ್ನಾನ. ಎರಡಾದರೆ ಎಷ್ಟು, ನಾಲ್ಕಾದರೆ ಎಷ್ಟು ಅಂತ ರೂಪಾಯಿಯಲ್ಲಿ ಇರಲಿ.

ಆಸ್ಪತ್ರೆಗೆ ಸೇರಿದ ದಿನಗಳಿಗೆ ಪೂರ್ತಿ ಫೀಸೋ, ಕೊಠಡಿಗೆ ಮಾತ್ರವೋ. ಆಗ ಪಕ್ಕದಲ್ಲಿ ಇರುವವರು ಯಾರು, ಅವರ ದಿನಗೂಲಿ ಯಾರದು. ರಾತ್ರಿ ಹೊತ್ತು ಬಿದ್ದರೆ ನಿಮಗೆ ಫೋನ್ ಮಾಡಿ ಕಾಯುತ್ತಾರೋ, 108 ಕರೆದು ಹೊರಟು ಆಮೇಲೆ ಫೋನ್ ಮಾಡುತ್ತಾರೋ. ಎರಡನೆಯದನ್ನು ಬರೆಸಿ, ಯಾವ ಆಸ್ಪತ್ರೆ ಅನ್ನುವುದನ್ನೂ ಬರೆಸಿ. ನರಸಾಪುರದಿಂದ ಒಂದು ಕಡೆ ಹೊಸಕೋಟೆ, ಇನ್ನೊಂದು ಕಡೆ ಕೋಲಾರ, ಆ ಹೊತ್ತಿನಲ್ಲಿ ಎತ್ತ ಅಂತ ಚರ್ಚೆ ಆಗಬಾರದು.

ಡೆಪಾಸಿಟ್ ಎಷ್ಟು ದಿನದಲ್ಲಿ ವಾಪಸ್, ಯಾವುದಕ್ಕೆ ಕಡಿತ, ತೀರಿಕೊಂಡರೆ ಯಾರ ಹೆಸರಿಗೆ. ವಾರ್ಷಿಕ ಏರಿಕೆಗೆ ಮೇಲ್ಮಿತಿ, 10% ಕೇಳಿದರೆ 6ಕ್ಕೆ ಚೌಕಾಸಿ ಮಾಡಿ, ಇಳಿಸುತ್ತಾರೆ. ಬಿಡಬೇಕಾದರೆ ಎರಡೂ ಕಡೆಗೆ ಒಂದು ತಿಂಗಳ ನೋಟಿಸ್. ಹೆಚ್ಚಿನ ಪತ್ರಗಳಲ್ಲಿ ಅದು ನಿಮಗೆ ಮಾತ್ರ ಇರುತ್ತದೆ, ಅವರಿಗಿರುವುದಿಲ್ಲ. ಆ ಸಾಲು ನೋಡಿಕೊಂಡು ಸಹಿ ಹಾಕಿ.